ಮೊಳೆಗೆ ತಗಲಿಸಿದ ಬಳೆಗಳು

ಲೇತ್ ಯಂತ್ರ ಶುರುವಾದೊಡನೆ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿದ್ದ ಗಾಜಿನ ಬಳೆಗಳು ಕಿಣಿಕಿಣಿ ನಡುಗುತ್ತಿದ್ದವು. ಆ ಸದ್ದು ಕೇಳಿದರೆ ಭಾಗ್ಯ ಕೆಲಸಕ್ಕೆ ನಿಂತಳೆಂದೇ ಅರ್ಥ.

ರಿಟೈರ್ ಆದಮೇಲೂ ಮನೆಯಲ್ಲಿ ಕೂರಲಾರದೆ, ಮಾಗಡಿ ಹತ್ತಿರದ ಒಂದು ವಸತಿ ತರಬೇತಿ ಶಾಲೆಯಲ್ಲಿ ನಾನು ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಎಂಬ್ರಾಯ್ಡರಿ ಕಲಿಸಿ ಲೇಡಿ ಮಾಡಿದ್ದರು. ಲೇತಿನಲ್ಲಿ ಕಬ್ಬಿಣ ಕಡೆಯುವ ಹುಡುಗಿಯನ್ನು ನಾನು ಕಂಡದ್ದೇ ಅಲ್ಲಿ. ಉಳಿದ ಹುಡುಗಿಯರೆಲ್ಲ ಟೈಲರಿಂಗ್, ಇವಳೊಬ್ಬಳು ಟರ್ನರ್ ಟ್ರೇಡು. ಎಣ್ಣೆ ಜಿಡ್ಡಿನ ಬೆರಳು, ಟೋಪಿಯೊಳಗೆ ಸುತ್ತಿ ಸಿಕ್ಕಿಸಿದ ಜಡೆ.

"ಬಳೆ ಬಿಚ್ಚಿ ಗಂಡ್ಸಾಗ್ಬುಟ್ಯಾ?" ಎಂದು ಹುಡುಗರು ರೇಗಿಸಿದರೆ, "ನಿಂಗೆ ಮೀಸೆ ಬಂದ್ಮೇಲೆ ಅದ್ನೂ ಈ ಮೊಳೆಗೇ ತಗಲಾಕು, ಜಾಗ ಐತೆ" ಅನ್ನುತ್ತಿದ್ದಳು.

ಒಂದು ದಿನ ಅವಳ ತಾಯಿ ಹೇಳದೆ ಕೇಳದೆ ಬಂದರು. ಮಗಳ ಕೈ ನೋಡಿದವರೇ ಎದೆ ಹೊಡೆದುಕೊಂಡರು. "ಮನೇಲಿ ಯಾರ್ ಸತ್ತವ್ರೆ ಅಂತ ಬರಿಗೈ ಮಾಡ್ಕೊಂಡಿದ್ದೀಯೇ? ಮದ್ವೆ ಆಗೋ ಹೆಣ್ಣು! ಹೊಲಿಗೆ ಕಲ್ತ್ಕೋ, ಇಲ್ಲಾಂದ್ರೆ ಈಗ್ಲೇ ಬಟ್ಟೆ ಕಟ್ಟು."

ಭಾಗ್ಯ ಅಳಲಿಲ್ಲ. ಲೇತ್ ಓಡಿಸಿ ತೋರಿಸಿದಳು. "ನೋಡವ್ವ, ಇದ್ರಲ್ಲಿ ಬಳೆ ಸಿಕ್ಕುದ್ರೆ ಕೈಯೇ ಹೋಯ್ತದೆ. ಕೆಲ್ಸ ಮುಗುದ್ಮೇಲೆ ದಿನಾ ತೊಟ್ಕೋತೀನಿ, ನಿನ್ನಾಣೆ."

ಆಯಮ್ಮ ಕೆಲಸ ಮುಗಿಯುವವರೆಗೂ ಅಲ್ಲೇ ಕಾದರು. ಸಂಜೆ ಮೊಳೆಯಿಂದ ಬಳೆ ತೆಗೆದು ತಾವೇ ಮಗಳ ಕೈಗೇರಿಸಿ, ಒಬ್ಬರೇ ಬಸ್ಸು ಹತ್ತಿದರು.

ಕೋರ್ಸ್ ಮುಗಿದಾಗ ಹಾರೋಹಳ್ಳಿ ಕಡೆಯ ಕಾರ್ಖಾನೆಯವರು ಇಂಟರ್‌ವ್ಯೂಗೆ ಬಂದರು. ಅವಳ ಕೆಲಸಕ್ಕೆ ತಲೆದೂಗಿದವರೇ ಕೊನೆಗೆ, "ಲೇಡೀಸ್‌ಗೆ ಪ್ಯಾಕಿಂಗ್ ಸೆಕ್ಷನ್ ಇದೆಯಮ್ಮ" ಎಂದರು. ಸಿಟ್ಟಿನಲ್ಲಿ ನನ್ನ ಇಂಗ್ಲಿಷೇ ನನಗೆ ಕೈಕೊಟ್ಟಿತು. ಭಾಗ್ಯಳೇ ಸಮಾಧಾನ ಹೇಳಿದಳು: "ಇರ್ಲಿ ಬುಡಿ ಮಿಸ್, ಮೊದ್ಲು ಒಳೀಕ್ ಹೋಗಾನ. ಅಲ್ಲಿ ಬಳೆ ತೆಗೆಯೋದೇ ಬ್ಯಾಡ್ವಂತೆ, ಅವ್ವಂಗೂ ಖುಷಿ." ಹೇಳುವಾಗ ಖಾಲಿ ಮೊಳೆಯನ್ನೇ ನೋಡುತ್ತಿದ್ದಳು.

ಕೊನೆಯ ಸಲ ಅವಳನ್ನು ನೋಡಿದ್ದು ಮಾಗಡಿ ಬಸ್ ಸ್ಟ್ಯಾಂಡಿನಲ್ಲಿ. ಕಾರ್ಖಾನೆಯ ಯೂನಿಫಾರ್ಮಿನಲ್ಲೇ ಇದ್ದಳು. ನನ್ನ ಕಣ್ಣು ಮೊದಲು ಹೋದದ್ದು ಕೈಗಳಿಗೆ. ಬರಿಗೈ, ಉಗುರಂಚಿನಲ್ಲಿ ಕಪ್ಪು ಎಣ್ಣೆ.

"ಮಿಷಿನ್ ಮೇಲೇನಾ?" ಎಂದೆ.

"ಹೂಂ ಮಿಸ್! ಒಬ್ರು ರಜಾ ಹಾಕಿದ್ರು, ಒಸಿ ನಿಂತ್ಕೋ ಅಂದ್ರು. ಆಮೇಲ್ ಇಳಿಸ್ನೇ ಇಲ್ಲ."

ಅವಳ ಊರಿನ ಬಸ್ಸು ಬಂತು. ಅವಸರವಾಗಿ ಬ್ಯಾಗಿನಿಂದ ಬಳೆಗಳನ್ನು ತೆಗೆದಳು.

"ಅವ್ವ ಇನ್ನೂ ಬಾಗಿಲಲ್ಲೇ ಚೆಕ್ ಮಾಡ್ತಾರೇನೇ?" ಎಂದು ನಕ್ಕೆ.

"ಅವ್ವ ತೀರ್ಕೊಂಡ್ಬುಟ್ಲು ಮಿಸ್, ಹಬ್ಬದ್ ಮುಂಚೆ" ಎಂದಳು. ಒಂದೊಂದೇ ಬಳೆ ತೊಟ್ಟುಕೊಳ್ಳುತ್ತ ಬಸ್ಸು ಹತ್ತಿದಳು.