ತೂಬಿನ ಕೀಲಿ ಯಾರ ಸೊಂಟದಲ್ಲಿರಬೇಕು?

ಒಂದೇ ಸಾಲಿನಲ್ಲಿ ಬಿಟ್ಟ ಐದು ಜೊತೆ ಚಪ್ಪಲಿ ಕಂಡರೆ ನಿಮಗೆ ಏನು ಹೊಳೆಯುತ್ತದೆ? ಒಳಗೆ ಭಜನೆ ನಡೆದಿದೆ ಅಂತಲೋ, ಹೆಣ್ಣು ನೋಡಲು ಗಂಡಿನ ಕಡೆಯವರು ಬಂದಿದ್ದಾರೆ ಅಂತಲೋ ಹೊಳೆಯಬಹುದು. ಹೋದ ತಿಂಗಳವರೆಗೆ ನನಗೂ ಹಾಗೇ ಹೊಳೆಯುತ್ತಿತ್ತು.

ಈಗ ಹೊಳೆಯುವುದು ಬೇರೆ. ಚಪ್ಪಲಿ ಸಾಲು ಕಂಡ ಕೂಡಲೇ ನನ್ನ ಕಿವಿ ನೀರಿನ ಸದ್ದು ಹುಡುಕುತ್ತದೆ. ಹಿತ್ತಲಲ್ಲಿ ಯಾರಾದರೂ ಹಂಡೆಗೆ ಬಿಂದಿಗೆ ಸುರಿದರೂ ಎದ್ದು ನಿಲ್ಲುತ್ತೇನೆ. (ಮನೆಯವರು ಮೊದಲೆರಡು ದಿನ ನಕ್ಕರು. ಈಗ ನಗುವುದಿಲ್ಲ.)

ನಡೆದದ್ದು ಇಷ್ಟು.

ನನ್ನ ಕಾಲೇಜಿನ ಗೆಳೆಯ ಶ್ರೀನಿವಾಸ ನಮ್ಮ ಸೀಮೆಗೆ ಕಾಲುವೆ ಓವರ್ಸೀಯರ್ ಆಗಿ ಬಂದು ಮೂರು ತಿಂಗಳಾಗಿತ್ತು. ಮದರಾಸಿನಲ್ಲಿ ಇಬ್ಬರೂ ಒಂದೇ ರೂಮಿನಲ್ಲಿದ್ದವರು. ನಾನು ಅವನನ್ನು ಶೀನ ಎನ್ನುತ್ತೇನೆ. ನನ್ನ ಸ್ಕೂಲಿಗೆ ಬೇಸಿಗೆ ರಜೆ. ಬುಕ್ಕಸಾಗರದ ಹಾದಿಯಲ್ಲಿ ತೂಬಿನ ಹೂಳು ತೆಗೆಸುತ್ತಿದ್ದೇನೆ, ಬಾ, ಹುಣಸೆಮರದ ಕೆಳಗೆ ತಣ್ಣಗೆ ಕೂತು ಮೊಸರನ್ನ ತಿನ್ನೋಣ ಎಂದ. ಹೊಸಪೇಟೆಯಿಂದ ಇಬ್ಬರೂ ಸೈಕಲ್ಲಿನಲ್ಲಿ ಹೋದೆವು.

ಆ ತೂಬು ನೋಡದವರಿಗೆ ಎರಡು ಮಾತು. ರಾಯರ ಕಾಲದ ಕಾಲುವೆ ಅಲ್ಲಿ ಒಂದು ಏರಿಯ ಅಡಿಯಲ್ಲಿ, ಕಲ್ಲಿನ ಸುರಂಗದೊಳಗೆ ಹಾದುಹೋಗುತ್ತದೆ. ಒಳಗೆ ಬೆನ್ನು ಬಗ್ಗಿಸಿಯೇ ನಡೆಯಬೇಕು. ಏರಿಯ ಈ ಕಡೆ, ನೀರು ಒಳಹೊಗುವ ಬಾಯಿಗೆ, ಕಬ್ಬಿಣದ ಬಾಗಿಲಿದೆ. ಆ ಕಡೆ ಬರೀ ಬಾಯಿ. ಹೂಳು ತೆಗೆಯುವವರು ಆ ಕಡೆಯಿಂದ ಒಳಗೆ ಹೋಗುತ್ತಾರೆ. ಬಾಗಿಲನ್ನು ಎತ್ತಲು ಒಂದು ತಿರುಪು, ತಿರುಪನ್ನು ತಿರುಗಿಸಲು ಒಂದು ಮೊಳದ ಕಬ್ಬಿಣದ ಹಿಡಿಕೆ. ಆ ಹಿಡಿಕೆಯನ್ನು ಜನ ಕೀಲಿ ಎನ್ನುತ್ತಾರೆ. ಇರುವುದು ಅದೊಂದೇ.

ಆ ದಿನ ಒಳಗೆ ಇಳಿಯಬೇಕಾಗಿದ್ದವರು ಐದು ಜನ. ಮೇಸ್ತ್ರಿ ಹುಲಿಗೆಪ್ಪ, ಅವನ ಅಳಿಯ, ಮತ್ತೆ ಮೂವರು. ಹುಲಿಗೆಪ್ಪನಿಗೆ ಐವತ್ತು ದಾಟಿರಬೇಕು. ಚಪ್ಪಲಿ ಬಿಚ್ಚುವುದಕ್ಕೆ ಮೊದಲು ಶೀನನ ಮುಂದೆ ಬಂದು ಕೈಚಾಚಿದ.

"ಕೀಲಿ ಕೊಡ್ರಿ ಸಾಮಿ."

ಯಾಕೆ ಎಂದ ಶೀನ. ಒಳಗೆ ಹೋಗುವವನು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುವುದು ಇಲ್ಲಿಯ ಪದ್ಧತಿ ಎಂದು ಹುಲಿಗೆಪ್ಪ ವಿವರಿಸಿದ. ತನ್ನ ಅಪ್ಪನೂ ಹಾಗೇ ಮಾಡುತ್ತಿದ್ದನಂತೆ. ಶೀನ ತಲೆಯಾಡಿಸಿದ. ಹಿಂದಿನ ಸಲ ಇವರ ಸೊಂಟದಿಂದ ಜಾರಿದ ಕೀಲಿ ಕೆಸರಿನಲ್ಲಿ ಸೇರಿಕೊಂಡು, ಹುಡುಕುವುದಕ್ಕೆ ಎರಡು ದಿನ ಹಿಡಿದಿತ್ತು. ಸರಕಾರದ ಸಾಮಾನು ಇನ್ನು ಮುಂದೆ ಬಾಗಿಲ ಪಕ್ಕದ ಶೆಡ್ಡಿನ ಗೂಟದಲ್ಲೇ ಇರಬೇಕೆಂದು ಮೇಲಿನಿಂದ ಆರ್ಡರ್ ಆಗಿತ್ತು. ತಪ್ಪೇನು, ನೀವೇ ಹೇಳಿ.

"ನೀವು ಮೇಲೆ ಬರೋತನಕ ಹನಿ ನೀರು ಬಿಡೋದಿಲ್ಲ. ನನ್ನ ಮಾತಿನ ಮೇಲೆ ನಂಬಿಕೆ ಇಲ್ಲೇನು?" ಎಂದ ಶೀನ.

"ಐತ್ರಿ. ನಂಬಿಕಿ ಇದ್ರೂ ಕೀಲಿ ನಮ್ಮ ಕಡೀನ ಇರ್ತೈತ್ರಿ."

ಶೀನನ ಮುಖ ಸಣ್ಣದಾಯಿತು. ಅವನ ಸ್ವಭಾವ ನನಗೆ ಗೊತ್ತು. ಅವನು ಕೆಟ್ಟವನಲ್ಲ. ಆದರೆ ಮಾತು ಕೊಟ್ಟ ಮೇಲೂ ಎದುರಿನವನು ಕೈಚಾಚಿಕೊಂಡೇ ನಿಂತರೆ ಅವನಿಗೆ ಅವಮಾನ. ಹಾಗಾದರೆ ಬೇರೆ ಗ್ಯಾಂಗ್ ಕರೆಸುತ್ತೇನೆ ಎಂದುಬಿಟ್ಟ. ಹುಲಿಗೆಪ್ಪ ಸ್ವಲ್ಪ ಹೊತ್ತು ಅವನ ಬೂಟು ನೋಡಿದ. ನಂತರ ಲಾಟೀನು ಹಚ್ಚಿಕೊಂಡು ನಾಲ್ವರನ್ನೂ ಕರೆದುಕೊಂಡು ಏರಿಯ ಆ ಕಡೆ ಹೋದ. ಕೀಲಿ ಗೂಟಕ್ಕೆ ಹೋಯಿತು.

ನನ್ನನ್ನು ಕೇಳಿದ್ದರೆ ನಾನೂ ಶೀನನ ಪರವಾಗಿಯೇ ಮಾತಾಡುತ್ತಿದ್ದೆ. ನಾನೂ ಬಿ.ಎ. ಅಲ್ಲವೇ?

ಹನ್ನೊಂದರ ಹೊತ್ತಿಗೆ ಶೀನ ಕಮಲಾಪುರದ ಕಡೆ ಇನ್ನೊಂದು ಕೆಲಸ ನೋಡಲು ಸೈಕಲ್ ಹತ್ತಿದ. ಒಂದು ಗಂಟೆಯಲ್ಲಿ ಬಂದೆ ಎಂದ. ಬುಟ್ಟಿ ಹೊರುವ ಹೆಂಗಸರು ಉಣ್ಣಲು ಊರಿಗೆ ಹೋದರು. ಎಲ್ಲ ಕಡೆ ನಿಶ್ಶಬ್ದ. ನಾನು ಪೇಪರ್ ಓದುತ್ತ ಕೂತೆ.

ಹನ್ನೆರಡು ದಾಟಿದ ಮೇಲೆ ಲಸ್ಕರ್ ಪಕೀರಪ್ಪ ಬಂದ. ಬಾಗಿಲು ಎತ್ತುವುದು, ಇಳಿಸುವುದು ಅವನ ಡ್ಯೂಟಿ. ಬೆಳಗಿನಿಂದ ಅವನು ಮೇಲೆ ಅಣೆಕಟ್ಟಿನ ಹತ್ತಿರ ಇದ್ದುದರಿಂದ ಇಲ್ಲಿಯ ಮಾತುಕತೆಯಾಗಲಿ, ಹೊಸ ಆರ್ಡರಾಗಲಿ ಅವನಿಗೆ ಗೊತ್ತಿಲ್ಲ. ಅವನ ಬೆನ್ನಿಗೇ ಹೊಸಪೇಟೆ ಕಚೇರಿಯ ಜವಾನ ಒಂದು ಚೀಟಿ ತಂದುಕೊಟ್ಟು ಹೋದ. ಚೀಟಿ ಇಂಗ್ಲಿಷಿನಲ್ಲಿತ್ತು. ಪಕೀರಪ್ಪ ಅದನ್ನು ನನ್ನ ಮುಂದೆ ಹಿಡಿದ.

"ಏನ್ ಬರದಾರ ನೋಡ್ರಿ ಮಾಸ್ತರ."

ನಾನೇ ಓದಿದೆ. ಈ ದಿನದ ಹೂಳು ತೆಗೆಯುವ ಕೆಲಸ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯುವುದಾಗಿ ಓವರ್ಸೀಯರ್ ತಿಳಿಸಿರುವುದರಿಂದ, ಸಸಿಮಡಿಗಳಿಗೆ ಕೂಡಲೇ ನೀರು ಬಿಡತಕ್ಕದ್ದು. ನಾನೇ ಕನ್ನಡದಲ್ಲಿ ಬಿಡಿಸಿ ಹೇಳಿದೆ. "ಕೂಡಲೇ" ಎಂಬುದನ್ನು ಎರಡು ಸಲ ಹೇಳಿದ ನೆನಪು.

ಪಕೀರಪ್ಪ ಶೆಡ್ಡಿನೊಳಗೆ ಇಣುಕಿದ. "ಕೀಲಿ ಗೂಟದಾಗ ಐತಿ. ಮಂದಿ ಹೊರಗ ಬಂದಾರ" ಎಂದು ತನಗೆ ತಾನೇ ಹೇಳಿಕೊಂಡ.

ಈ ಒಂದು ಮಾತನ್ನು ನಾನು ಈ ತಿಂಗಳಲ್ಲಿ ಎಷ್ಟು ಸಲ ಕೇಳಿಸಿಕೊಂಡಿದ್ದೇನೋ! ಇಪ್ಪತ್ತು ವರ್ಷ ಬಾಗಿಲು ಕಾಯ್ದವನಿಗೆ ಅದು ಸೂರ್ಯ ಹುಟ್ಟಿದಷ್ಟು ಖಚಿತ. ಕೀಲಿ ಮೇಲಿದ್ದರೆ ಮನುಷ್ಯರೂ ಮೇಲಿದ್ದಾರೆ. ಚೀಟಿಯನ್ನೂ, ನನ್ನ ಬಿ.ಎ.ಯನ್ನೂ ನಂಬಿ ಅವನು ಬಾಗಿಲು ಎತ್ತಲಿಲ್ಲ. ಗೂಟವನ್ನು ನಂಬಿ ಎತ್ತಿದ. ಬೆಳಿಗ್ಗೆ ಹುಲಿಗೆಪ್ಪನ ಮಾತು ಕೇಳಿದ್ದವನು, ಈಗ ಪಕೀರಪ್ಪನ ಮಾತು ಕೇಳಿದವನು, ಎರಡನ್ನೂ ಕೇಳಿದವನು ಆ ಜಾಗದಲ್ಲಿ ಒಬ್ಬನೇ ಇದ್ದ. ಅವನು ಪೇಪರ್ ಮಡಚುತ್ತಿದ್ದ.

ತಿರುಪು ಕಿರುಗುಟ್ಟಿತು. ಹನ್ನೊಂದು ಸುತ್ತು. ಹೊಸ ನೀರು ಆಚೆ ಬಾಯಿಯಿಂದ ನೊರೆಗಟ್ಟಿ ಬರುವುದನ್ನು ನೋಡುವುದು ಚಂದ ಎಂದು ನಾನು ಏರಿ ಹತ್ತಿದೆ. (ಪೇಟೆಯವರ ಚಟ.) ಆಚೆ ಇಳಿದೆ.

ಬಾಯಿಯ ಪಕ್ಕದ ಕಲ್ಲಿನ ಮೇಲೆ ಐದು ಜೊತೆ ಚಪ್ಪಲಿ.

ಆಮೇಲೆ ನಾನು ಏನೆಂದು ಕೂಗಿದೆನೋ ತಿಳಿಯದು. ಏರಿಯ ಮೇಲೆ ಓಡಿ, ಕೈಬೀಸಿ, ಮತ್ತೆ ಕೆಳಗೆ ಓಡಿಬಂದೆ. ಪಕೀರಪ್ಪನಿಗೆ ಅರ್ಥವಾಗಿ ತಿರುಪು ಹಿಂದಕ್ಕೆ ತಿರುಗಿಸತೊಡಗಿದ. ಆದರೆ ಒಳಗೆ ನುಗ್ಗಿದ ನೀರನ್ನು ಹಿಂದಕ್ಕೆ ಕರೆಯುವ ತಿರುಪು ಇದೆಯೇ?

ಮೊದಲು ಒಂದು ಬುಟ್ಟಿ ತೇಲಿಬಂತು. ಆಮೇಲೆ ಆರಿದ ಲಾಟೀನು. ಆಮೇಲೆ ಒಬ್ಬ ಮನುಷ್ಯ, ಮುಖವೆಲ್ಲ ಕೆಸರು. ಕೈಕೊಟ್ಟು ಎಳೆದೆ. ಇನ್ನೊಬ್ಬ. ಮತ್ತೊಬ್ಬ. ನಾಲ್ಕನೆಯವನು ಹುಲಿಗೆಪ್ಪನ ಅಳಿಯ. ಅವನು ದಡಕ್ಕೆ ಬಂದವನೇ ತಿರುಗಿ ಸುರಂಗದ ಬಾಯಿಯ ಕಡೆ ನೋಡಿ "ಮಾವ" ಎಂದ. ಗಟ್ಟಿಯಾಗಿ ಕೂಗಲೂ ಇಲ್ಲ.

ಐದನೆಯವನು ಬರಲಿಲ್ಲ.

ಎಷ್ಟು ಹೊತ್ತು? ಎರಡು ನಿಮಿಷ ಇರಬಹುದು ಎನ್ನುತ್ತಾನೆ ಪಕೀರಪ್ಪ. ನನ್ನ ಲೆಕ್ಕದಲ್ಲಿ ಅದು ಇನ್ನೂ ಮುಗಿದಿಲ್ಲ.

ನೀರಿನ ಸೆಳೆತ ಇಳಿಯಿತು. ಕತ್ತಲೆಯಿಂದ ಹುಲಿಗೆಪ್ಪ ಬಗ್ಗಿಕೊಂಡೇ ನಡೆದುಬಂದ. ಹಣೆ ಒಡೆದು ರಕ್ತ ಹರಿಯುತ್ತಿತ್ತು. ನಾಲ್ವರನ್ನೂ ಮುಂದೆ ತಳ್ಳಿ ತಾನು ಕಲ್ಲಿನ ಸಂದಿಗೆ ಬೆರಳು ಹಾಕಿ ನಿಂತಿದ್ದನಂತೆ. ಬಂದವನು ಯಾರನ್ನೂ ಬೈಯಲಿಲ್ಲ. ಕಲ್ಲಿನ ಮೇಲೆ ಕೂತು ಮೊದಲು ಚಪ್ಪಲಿ ಮೆಟ್ಟಿದ. ಪಕೀರಪ್ಪ ಏರಿಯ ಮೇಲೆ ಕುಸಿದು ಕೂತು ಅಳುತ್ತಿದ್ದ. "ಅವ್ನ ಕರೀರಿ, ಅವ್ನದೇನ್ ತಪ್ಪ್ ಐತಿ" ಎಂದು ಹುಲಿಗೆಪ್ಪನೇ ನನಗೆ ಹೇಳಿದ.

ಶೀನ ಬಂದಾಗ ಎರಡು ಗಂಟೆ. ವಿಷಯ ಕೇಳಿ ಅವನ ಕೈಯಿಂದ ಸೈಕಲ್ ಬಿತ್ತು. ನಾನು ಮಾತು ಕೊಟ್ಟಿದ್ದೆ, ಮಾತು ಕೊಟ್ಟಿದ್ದೆ ಎಂದು ಎರಡು ಸಲ ಅಂದ. ಹಣೆಗೆ ಅರಿಶಿನದ ಬಟ್ಟೆ ಕಟ್ಟಿಸಿಕೊಳ್ಳುತ್ತಿದ್ದ ಹುಲಿಗೆಪ್ಪ ತಲೆಯೆತ್ತಿದ.

"ಕೊಟ್ಟಿದ್ರಿ ಸಾಮಿ. ಆದ್ರ ನಿಮ್ಮ ಮಾತು ನಿಮ್ಮ ಸಂಗಾಟನ ಸೈಕಲ್ ಹತ್ತಿ ಹೋತ್ರಿ."

ಶೀನ ಮಾತು ಕೊಟ್ಟದ್ದು ಎರಡು ಕಡೆ. ದಿನದ ಕೆಲಸ ಹನ್ನೆರಡಕ್ಕೆ ಮುಗಿಸುತ್ತೇನೆ ಎಂದು ಮೇಲಿನವರಿಗೆ. ನೀವು ಬರುವತನಕ ನೀರಿಲ್ಲ ಎಂದು ಕೆಳಗಿನವರಿಗೆ. ಎರಡನ್ನೂ ಪ್ರಾಮಾಣಿಕವಾಗಿಯೇ ಕೊಟ್ಟ. ಮೇಲೆ ಕೊಟ್ಟ ಮಾತು ಕಾಗದದಲ್ಲಿ ಬರೆದಿತ್ತು, ಆದ್ದರಿಂದ ಅದು ಅವನಿಲ್ಲದಿದ್ದರೂ ನಡೆಯಿತು. ಕೆಳಗೆ ಕೊಟ್ಟ ಮಾತಿಗೆ ಅವನ ಮುಖ ಬಿಟ್ಟರೆ ಬೇರೆ ಆಧಾರವಿರಲಿಲ್ಲ. ಈಚೆಗೆ ನಮ್ಮಲ್ಲಿ ಎಲ್ಲ ಕಡೆ ನಡೆದಿರುವುದು ಇದೇ ಅಲ್ಲವೇ? ಸಂಡೂರಿನ ಮ್ಯಾಂಗನೀಸ್ ಗಣಿಗೆ ಹೊಸ ಮ್ಯಾನೇಜರ್ ಬರುತ್ತಾರೆ, ಕಂಪ್ಲಿಯ ಅಕ್ಕಿ ಗಿರಣಿಗೆ ಹೊಸ ಎಂಜಿನ್ ಬರುತ್ತದೆ, ಎಲ್ಲರೂ ಬಂದ ದಿನವೇ ಕೇಳುವುದು ನಂಬಿಕೆಯನ್ನು. ಕಂಪ್ಲಿಯ ನಮ್ಮ ನೆಂಟರೊಬ್ಬರ ಗಿರಣಿಯಲ್ಲಿ "ನಂಬಿಕೆಯೇ ದೇವರು" ಎಂದು ಬೋರ್ಡು ಬರೆಸಿದ್ದಾರೆ. ಸಂಜೆ ಆಳುಗಳು ಮನೆಗೆ ಹೋಗುವಾಗ ಆ ಬೋರ್ಡಿನ ಕೆಳಗೇ ನಿಲ್ಲಿಸಿ ಅವರ ಪಂಚೆ ಝಾಡಿಸುತ್ತಾರೆ.

ಮರುದಿನ ಗ್ಯಾಂಗು ಬಂತು, ಇಳಿಯಲಿಲ್ಲ. ಹುಣಸೆಮರದ ಕೆಳಗೆ ಎಲೆ ಅಡಿಕೆ ಹಾಕಿಕೊಂಡು ಕೂತಿತು. (ಹೌದು, ನಾನೂ ಹೋಗಿದ್ದೆ. ಮನೆಯಲ್ಲಿ ಕೂರಲು ಆಗಲಿಲ್ಲ.) ಶೀನ ಒಂದು ಭಾಷಣ ತಯಾರಿಸಿಕೊಂಡು ಬಂದಿದ್ದ. ತಪ್ಪಾಯಿತು, ಇನ್ನು ಮೇಲೆ ತಾನು ಜಾಗ ಬಿಟ್ಟು ಕದಲುವುದಿಲ್ಲ, ಬೇಕಾದರೆ ತಾನೂ ಅವರ ಜೊತೆ ಒಳಗೆ ಇಳಿಯುತ್ತೇನೆ ಎಂದ. ಚೆನ್ನಾಗಿಯೇ ಹೇಳಿದ. ನನಗೆ ಕಣ್ಣು ತುಂಬಿತು.

ಅವರಿಗೆ ತುಂಬಲಿಲ್ಲ.

"ನೀವ್ಯಾಕ ಇಳೀತೀರಿ ಬಿಡ್ರಿ, ಅಂಗಿ ಹೊಲಸಾಕ್ಕತಿ" ಎಂದ ಹುಲಿಗೆಪ್ಪ. ಉಳಿದವರು ನಕ್ಕರು. ಅವನು ನಗಲಿಲ್ಲ. ಹಣೆಯ ಬಟ್ಟೆ ಸರಿಮಾಡಿಕೊಂಡು ಎದ್ದುಬಂದು, ನಿನ್ನೆ ನಿಂತ ಜಾಗದಲ್ಲೇ ನಿಂತು, ನಿನ್ನೆಯ ಹಾಗೆಯೇ ಕೈಚಾಚಿದ.

ಶೀನ ಆ ಕೈಯನ್ನೇ ನೋಡುತ್ತ ನಿಂತ. ಕೀಲಿ ಕೊಟ್ಟರೆ ಆರ್ಡರ್ ಮೀರಿದ ಹಾಗೆ. ಮೂರು ತಿಂಗಳ ನೌಕರಿ, ಇನ್ನೂ ಕಾಯಂ ಆಗಿಲ್ಲ. ಅವನ ತಾಯಿ, ಇಬ್ಬರು ತಂಗಿಯರು ಆ ನೌಕರಿಯನ್ನೇ ನೆಚ್ಚಿದ್ದಾರೆ ಎಂಬುದು ನನಗೂ ಗೊತ್ತು, ಅವನಿಗೂ ಗೊತ್ತು. ಹುಲಿಗೆಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ.

ಶೀನ ಶೆಡ್ಡಿಗೆ ಹೋಗಿ ಗೂಟದಿಂದ ಕೀಲಿ ತೆಗೆದುತಂದು ಆ ಕೈಯಲ್ಲಿಟ್ಟ. ಜೊತೆಗೆ ಒಂದು ಗಟ್ಟಿ ಹುರಿಯನ್ನೂ ಕೊಟ್ಟ, ಸೊಂಟಕ್ಕೆ ಭದ್ರವಾಗಿ ಕಟ್ಟಿಕೊಳ್ಳಲಿ ಎಂದು. ಹುಲಿಗೆಪ್ಪ ಹುರಿಯನ್ನು ಎಳೆದು ನೋಡಿದ. "ಈ ಉಪಾಯ ನಿನ್ನೆನ ಹೊಳದಿದ್ರ ಭಾಳ ಚಲೋ ಇತ್ರಿ" ಎಂದ. ಐದು ಜೊತೆ ಚಪ್ಪಲಿ ಮತ್ತೆ ಕಲ್ಲಿನ ಮೇಲೆ ಸಾಲಾಗಿ ಕೂತವು.

ಉಳಿದಿದ್ದ ನಾಲ್ಕು ದಿನದ ಕೆಲಸ ಮೂರೇ ದಿನದಲ್ಲಿ ಮುಗಿಯಿತು ಎಂದು ಬರೆಯಲು ನನಗೂ ಆಸೆ. ಆದರೆ ಐದು ದಿನ ಹಿಡಿಯಿತು. ಅವರು ಮೊದಲಿನಂತೆ ಶೀನನ ಜೊತೆ ಹರಟೆ ಹೊಡೆಯುವುದೂ ಇಲ್ಲ. ಇಳಿಯುತ್ತಾರೆ, ಅಷ್ಟೇ. ಅಷ್ಟನ್ನು ಮರಳಿ ಗಳಿಸಿದ್ದೇ ದೊಡ್ಡದು ಎನ್ನುತ್ತಾನೆ ಅವನು.

ಮೊನ್ನೆ ಶೀನ ಮನೆಗೆ ಬಂದಿದ್ದ. ಕೈಯಲ್ಲಿ ಮೇಲಿನ ಕಚೇರಿಯ ಮೆಮೊ. ಹೂಳು ತೆಗೆಯುವ ವೇಳೆ ಸರಕಾರದ ಕೀಲಿ ಗೂಟದಲ್ಲಿರುವುದಿಲ್ಲವೆಂದು ತಿಳಿದುಬಂದಿದೆ, ಆಗ ಅದು ಯಾರ ವಶದಲ್ಲಿರುತ್ತದೆ, ಉತ್ತರ ಕೊಡತಕ್ಕದ್ದು. ಇಂಗ್ಲಿಷಿನಲ್ಲಿ ಒಳ್ಳೆಯ ಒಕ್ಕಣೆ ಹಾಕಿಕೊಡು, ನೀನು ಮೇಷ್ಟ್ರಲ್ಲವೇ ಎಂದ. ಬಹಳ ಹೊತ್ತು ಪೆನ್ನು ಕಚ್ಚಿಕೊಂಡು ಕೂತೆ. ಹಿತ್ತಲಲ್ಲಿ ಹಂಡೆಗೆ ಯಾರೋ ನೀರು ಸುರಿದರು.

ಒಂದೇ ಸಾಲು ಬರೆದೆ: ನೀರು ಬಂದರೆ ಯಾರು ಮುಳುಗುತ್ತಾರೋ ಅವರ ವಶದಲ್ಲಿರುತ್ತದೆ.