ಓದಿ ಹೇಳಲಾಗಿದೆ

ನಮ್ಮ ಮನೆಯಲ್ಲಿ ಗ್ಯಾಸ್ ಸಿಲಿಂಡರಿನ ರಸೀದಿಯನ್ನೂ ಗಟ್ಟಿಯಾಗಿ ಓದುವ ಪದ್ಧತಿಯಿತ್ತು ಎಂದರೆ ನೀವು ನಗುತ್ತೀರಿ. ನಗಿ, ನಾವೂ ನಕ್ಕವರೇ. ಕರೆಂಟು ಬಿಲ್ಲಾಗಲಿ, ಮದುವೆಯ ಕರೆಯೋಲೆಯಾಗಲಿ, ಕೆಮ್ಮಿನ ಔಷಧದ ಶೀಶೆಗೆ ಅಂಟಿಸಿದ ಚೀಟಿಯಾಗಲಿ, ಕೈಗೆ ಬಂದದ್ದನ್ನು ಅಪ್ಪ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಮೊದಲಕ್ಷರದಿಂದ ಕೊನೆಯ ಚುಕ್ಕಿಯವರೆಗೆ ಓದಿಯೇ ಕೆಳಗಿಡುತ್ತಿದ್ದರು. ಅದು ಕಸುಬು ಅಂಟಿಸಿದ ಚಟ. ದೇವನಹಳ್ಳಿಯಲ್ಲಿ, ನೋಂದಣಿ ಕಚೇರಿಯ ಆಸುಪಾಸಿನ ತಗಡಿನ ಚಾವಣಿಯ ಮಳಿಗೆಯೊಂದರಲ್ಲಿ ನಮ್ಮಪ್ಪ ಅಂತೋಣಪ್ಪನವರು ಪತ್ರ ಬರಹಗಾರರಾಗಿದ್ದರು. ಜಮೀನಿನ ಕ್ರಯ, ಅಣ್ಣತಮ್ಮಂದಿರ ಪಾಲು, ಮುದುಕರ ಉಯಿಲು, ಎಲ್ಲವೂ ಅವರ ಒಕ್ಕಣೆಯಲ್ಲಿ ರೂಪು ತಳೆದು ಛಾಪಾ ಕಾಗದವನ್ನು ಸೇರುತ್ತಿದ್ದವು.

ಇಂಥ ಪತ್ರಗಳ ಕೊನೆಯಲ್ಲಿ ಒಂದು ವಾಕ್ಯ ಬರುತ್ತದೆ: ಈ ಪತ್ರವನ್ನು ನನಗೆ ಓದಿ ಹೇಳಲಾಗಿದೆ, ಕೇಳಿ ಒಪ್ಪಿ ರುಜು ಮಾಡಿರುತ್ತೇನೆ. ಎಷ್ಟೋ ಮೇಜುಗಳಲ್ಲಿ ಈ ವಾಕ್ಯ ಬಾಳೆಲೆಯ ತುದಿಯ ಉಪ್ಪಿನಂತೆ. ಇರಲೇಬೇಕು, ಯಾರೂ ಮುಟ್ಟಬೇಕಾಗಿಲ್ಲ. ಅಪ್ಪ ಮಾತ್ರ ಪ್ರತಿಯೊಂದು ಪತ್ರವನ್ನೂ, ರುಜು ಹಾಕುವವರನ್ನು ಎದುರಿಗೆ ಕೂರಿಸಿಕೊಂಡು, ಗಡಿಯ ವಿವರಗಳ ಸಮೇತ ಓದುತ್ತಿದ್ದರು. ಅವಸರದವರು ಸಹಜವಾಗಿಯೇ ಪಕ್ಕದ ಮೇಜಿಗೆ ಹೋಗುತ್ತಿದ್ದರು. ವಿಮಾನ ನಿಲ್ದಾಣ ಬಂದಮೇಲೆ ನಮ್ಮ ಕಡೆ ಅವಸರವಿಲ್ಲದವರು ಯಾರಿದ್ದಾರೆ, ಹೇಳಿ?

"ಭಾನುವಾರ ಪೂಜೆಗೆ ಹೋಗ್ತೀರಿ, ಜಪಸರ ಹಿಡೀತೀರಿ, ಸಾಲ್ದಾ? ಮೇಜಿನ ಮೇಲೂ ದೇವರನ್ನ ಕೂರಿಸ್ಬೇಕಾ?" ಎಂದು ಅಮ್ಮ ಕೇಳಿದ್ದುಂಟು.

"ಸುಳ್ಳು ಸಾಕ್ಷಿ ಹೇಳಬೇಡ ಅಂತ ಚಿಕ್ಕಂದಿನಲ್ಲೇ ಬಾಯಿಪಾಠ ಮಾಡ್ಸಿದ್ರಲ್ಲ ಲೂರ್ದಮ್ಮ," ಎಂದಿದ್ದರು ಅಪ್ಪ, ಅನ್ನ ಕಲಸುತ್ತಲೇ. "ಓದಿ ಹೇಳಿದೆ ಅಂತ ಬರೆದು ಓದ್ದೇ ಇದ್ರೆ, ಇನ್ನೇನದು?"

ಅಮ್ಮ ಸಾರಿನ ಪಾತ್ರೆಯನ್ನು ಅವರತ್ತ ತಳ್ಳಿದ್ದಳು. ಅವರಿಬ್ಬರಲ್ಲಿ ಯಾರು ಸರಿ ಎಂದು ಆಗ ಕೇಳಿದ್ದರೆ ನಾನು ಅಮ್ಮನ ಪಕ್ಷ. ಪದವಿ ಮುಗಿಸಿ, ಬಿ.ಎಡ್. ಸೇರುವ ಆಸೆಯಿಟ್ಟುಕೊಂಡು, ಫೀಸಿನ ದುಡ್ಡು ಕೂಡುವವರೆಗೆ ಅಪ್ಪನ ಮಳಿಗೆಯಲ್ಲಿ ಪತ್ರಗಳನ್ನು ಟೈಪು ಮಾಡುತ್ತಿದ್ದವಳು ನಾನು. ಅಪ್ಪನ ಭಕ್ತಿಯ ಬೆಲೆಯನ್ನು ನಾನೂ ತೆರುತ್ತಿದ್ದೇನೆಂಬ ಲೆಕ್ಕ ನನ್ನೊಳಗೆ ಸದ್ದಿಲ್ಲದೆ ನಡೆಯುತ್ತಿತ್ತು.

ಆ ವರ್ಷ ಶುಭ ಶುಕ್ರವಾರದಂದು ಚರ್ಚಿನಲ್ಲಿ ಯೇಸುಸ್ವಾಮಿಯ ಪಾಡುಗಳ ದೀರ್ಘ ವಾಚನವನ್ನು ಅಪ್ಪನೇ ಮಾಡಿದರು, ಮೈಕು ಕೈಕೊಟ್ಟಿದ್ದರಿಂದ ಗಂಟಲೆತ್ತಿ. ಈಸ್ಟರ್ ಕಳೆದು ಮಳಿಗೆ ತೆರೆಯುವಷ್ಟರಲ್ಲಿ ಅವರ ದನಿ ಪೂರ್ತಿ ಕೂತುಹೋಗಿತ್ತು. ಅದೇ ವಾರ ನಾಗರಾಜು ಎಂಬ ಬ್ರೋಕರ್ ಬಂದ. ಕುಂದಾಣದ ಕಡೆ ಏಳಲಿದ್ದ ಬಡಾವಣೆಯೊಂದರ ಓಡಾಟವೆಲ್ಲ ಅವನದು. ಮೊದಲಿಗೆ ಒಂದು ಸಣ್ಣ ಪತ್ರ, ತಂಗಿಯೊಬ್ಬಳು ಅಣ್ಣಂದಿರಿಬ್ಬರಿಗೆ ಮಾಡಿಕೊಡುವ ಹಕ್ಕು ಬಿಡುಗಡೆ ಪತ್ರ. ಅದು ಸಲೀಸಾಗಿ ಆದರೆ ಬಡಾವಣೆಯ ಅಷ್ಟೂ ಸೈಟುಗಳ ಪತ್ರ ನಮ್ಮ ಮೇಜಿಗೇ ಬರುತ್ತದೆ ಎಂದ. ಅಪ್ಪ ತಲೆಯಾಡಿಸಿದರು. ನಾನು ಮನಸ್ಸಿನಲ್ಲಿಯೇ ಬಿ.ಎಡ್. ಕಾಲೇಜಿನ ಮೆಟ್ಟಿಲು ಹತ್ತಿದೆ.

ಮರುದಿನ ಮಧ್ಯಾಹ್ನ ಎಲ್ಲರೂ ಬಂದರು. ಅಣ್ಣಂದಿರು ಮುನಿರಾಜು ಮತ್ತು ನಾರಾಯಣಸ್ವಾಮಿ; ತಂಗಿ ರತ್ನಮ್ಮ, ನಲವತ್ತರ ಆಚೆಯ ಹೆಂಗಸು, ಬೂದಿಗೆರೆಗೆ ಕೊಟ್ಟವಳು. ಅಣ್ಣ ತಂದುಕೊಟ್ಟ ಎಳನೀರನ್ನು ಕುಡಿದು ಮುಗಿಸಿ, ನೆಂಟರ ಮನೆಗೆ ಬಂದವಳ ಹಾಗೆ ಸೆರಗು ಸರಿಪಡಿಸಿಕೊಂಡು ಕೂತಿದ್ದಳು. ಅಪ್ಪ ನನ್ನ ಕಡೆ ಸನ್ನೆ ಮಾಡಿದರು: ನೀನು ಓದು. ನಾಗರಾಜು ನನ್ನ ಕುರ್ಚಿಯತ್ತ ಬಾಗಿ, "ಬೇಗ ಓದ್ಬಿಡಮ್ಮಾ, ಅದೇನು ಹರಿಕಥೆನಾ?" ಎಂದ.

ನಾನು ಬೇಗ ಓದಿದೆ. ನಿಮ್ಮಲ್ಲಿ ಮುಚ್ಚಿಡುವುದೇನು, ಬೇಕೆಂದೇ ಬೇಗ ಓದಿದೆ. ಸರ್ವೆ ನಂಬರು, ಎಕರೆ, ಗುಂಟೆ, ಪೂರ್ವ ಪಶ್ಚಿಮಗಳೆಲ್ಲ ಒಂದರ ಬಾಲಕ್ಕೊಂದು ಕಟ್ಟಿಕೊಂಡು ಓಡಿದವು. ಓದಿದ್ದೂ ಆಯಿತು, ಯಾರ ಕಿವಿಗೂ ಬೀಳಲಿಲ್ಲ. ಸುಳ್ಳನ್ನೂ ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಇಂಥದೊಂದು ಸಂದು ಇದೆಯೆಂದು ನನಗೆ ಗೊತ್ತಾದದ್ದೇ ಅಂದು. ರತ್ನಮ್ಮ ಪೆನ್ನಿಗೆ ಕೈಚಾಚಿದಳು. ಅಪ್ಪ ಪೆನ್ನಿನ ಮೇಲೆ ಅಂಗೈ ಇಟ್ಟರು. ಇಲ್ಲದ ದನಿಯನ್ನು ಎಲ್ಲಿಂದಲೋ ಎಳೆದು ತಂದು, "ನಿಧಾನ ಮಗಳೇ. ಆಯಮ್ಮನಿಗೆ ಓದು, ನನಗಲ್ಲ," ಎಂದರು.

ಎರಡನೆಯ ಸಲ ನಿಧಾನವಾಗಿ ಓದಿದೆ. ಪೂರ್ವಕ್ಕೆ ಕಲ್ಲುಕಟ್ಟಿನ ಬಾವಿ ಎಂಬಲ್ಲಿಗೆ ಬಂದಾಗ ರತ್ನಮ್ಮ ಕತ್ತೆತ್ತಿದಳು.

"ಅದು ನಮ್ಮಪ್ಪನ ಹೊಲ ಅಲ್ವೇನಣ್ಣಾ?"

"ಹೂಂ ಕಣಮ್ಮಿ," ಎಂದ ಮುನಿರಾಜು, ರಸ್ತೆಯ ಕಡೆ ನೋಡುತ್ತಾ.

"ಖಾತೆ ಸರಿ ಮಾಡ್ಸಕ್ಕೆ ಒಂದು ರುಜು ಅಂದಿದ್ರಿ. ಇದ್ರಲ್ಲಿ ನಂಗೇನೂ ಇಲ್ಲ ಅಂತ ಬರೆದೈತಲ್ಲ?"

ನಾರಾಯಣಸ್ವಾಮಿಯೂ ರಸ್ತೆಯ ಕಡೆಗೇ ತಿರುಗಿದ. ಅವಳು ಕೂಗಾಡಲಿಲ್ಲ, ಅಳಲಿಲ್ಲ. ಎದ್ದು, ಚಪ್ಪಲಿ ಮೆಟ್ಟಿಕೊಂಡು, ಬಸ್ ನಿಲ್ದಾಣದ ಕಡೆ ನಡೆದುಬಿಟ್ಟಳು. ಅಣ್ಣಂದಿರು ಹಿಂದೆಯೇ ಓಡಿದರು. ನಾಗರಾಜು ನಿಂತಲ್ಲೇ ನಿಂತು, "ಏನ್ ಅಂತೋಣಪ್ಪಾ, ಬರೋ ಅನ್ನಾನ ಒದ್ಬಿಟ್ರಲ್ಲ," ಎಂದ. ಅಪ್ಪ, ಸಿಟ್ಟಿಲ್ಲದೆ, ಆ ಪತ್ರವನ್ನು ಮಡಚಿ ಅವನ ಕೈಗಿತ್ತರು.

ಬಡಾವಣೆಯ ಕೆಲಸ ಪಕ್ಕದ ಮೇಜಿಗೆ ಹೋಯಿತು. ಅಲ್ಲಿ ಜನ ಸಾಲುಗಟ್ಟಿ ನಿಂತದ್ದನ್ನು ನೋಡುತ್ತಾ ನಾವು ಬುತ್ತಿ ಬಿಚ್ಚುತ್ತಿದ್ದೆವು. ಆ ವರ್ಷ ನಾನು ಬಿ.ಎಡ್. ಸೇರಲಿಲ್ಲ. ಅಪ್ಪ ಅದಕ್ಕಾಗಿ ನನ್ನಲ್ಲಿ ಕ್ಷಮೆ ಕೇಳಲೂ ಇಲ್ಲ, ದೇವರು ಬೇರೆ ದಾರಿ ತೋರಿಸುತ್ತಾನೆಂದು ಸಮಾಧಾನ ಹೇಳಲೂ ಇಲ್ಲ. ಅವರ ನಂಬಿಕೆಯಲ್ಲಿ ದೇವರೊಂದಿಗೆ ಕೊಡುಕೊಳ್ಳುವ ವ್ಯವಹಾರವೇ ಇರಲಿಲ್ಲ; ಉಸಿರಾಡಿದ್ದಕ್ಕೆ ಯಾರೂ ಕೂಲಿ ಕೇಳದಂತೆ, ಓದಿದ್ದಕ್ಕೆ ಅವರು ಏನನ್ನೂ ನಿರೀಕ್ಷಿಸಲಿಲ್ಲ. ಅದು ದೊಡ್ಡದೆಂದು ಈಗ ಅನ್ನಿಸುತ್ತದೆ. ಅಂದು ಬರೀ ಮೊಂಡುತನವೆನಿಸಿತ್ತು. ಎರಡರ ನಡುವಿನ ಗಡಿಯನ್ನು ಯಾವ ಸರ್ವೆಯವನೂ ಅಳೆದುಕೊಟ್ಟಿಲ್ಲ.

ಶ್ರಾವಣ ಹುಟ್ಟಿದಮೇಲೆ ಒಂದು ಬೆಳಿಗ್ಗೆ ಆ ಮೂವರೂ ಮತ್ತೆ ಬಂದರು, ಬ್ರೋಕರ್ ಇಲ್ಲದೆ. ಬಾವಿಯ ಕಡೆಯ ಹತ್ತು ಗುಂಟೆ ರತ್ನಮ್ಮನಿಗೆ, ಮಿಕ್ಕದ್ದು ಅಣ್ಣಂದಿರಿಗೆ, ಹಾಗೆ ಪಾಲು ಬರೆಯಬೇಕು ಎಂದರು. ಅಪ್ಪ ಅವಳನ್ನೇ ಕೇಳಿದರು, "ನಿನಗೆ ಇನ್ನೂ ಜಾಸ್ತಿ ಬರುತ್ತಲ್ಲಮ್ಮಾ, ಗೊತ್ತಾ?"

"ಗೊತ್ತು ಸ್ವಾಮಿ. ಕೊಡಾಕಿಲ್ಲ ಅಂತ ಅವತ್ತೂ ನಾನೆಲ್ಲಿ ಅಂದೆ? ಇವ್ರು ಬಾಯ್ಬಿಟ್ಟು ಕೇಳಲಿಲ್ಲ. ಅದಕ್ಕೇ ಎದ್ದೋದೆ."

ನಾರಾಯಣಸ್ವಾಮಿ ಟವೆಲಿನಿಂದ ಮುಖ ಒರೆಸಿಕೊಂಡ. ನಮ್ಮ ಸೀಮೆಯಲ್ಲಿ ಮದುವೆಮನೆಯ ಉಡುಗೊರೆಯನ್ನು ಕೊಟ್ಟೆವು ಎನ್ನುವುದಿಲ್ಲ, ಮುಯ್ಯಿ ಓದಿಸಿದೆವು ಎನ್ನುತ್ತೇವೆ. ಕೊಟ್ಟದ್ದನ್ನು ನಾಲ್ಕು ಜನರ ಕಿವಿಗೆ ಬೀಳುವಂತೆ ಕೂಗಿ ಹೇಳಿದಾಗಲೇ ಅದು ಕೊಡುಗೆ. ಈ ತಂಗಿ ತನ್ನ ಹೊಲವನ್ನು ಅಣ್ಣಂದಿರಿಗೆ ಓದಿಸಲು ಬಂದಿದ್ದಳು.

ಟೈಪು ಮಾಡಿ, ಅಚ್ಚು ತೆಗೆದು ತಂದೆ. ಅಪ್ಪನ ಗಂಟಲು ಅಷ್ಟರಲ್ಲಿ ಎಂದೋ ನೆಟ್ಟಗಾಗಿತ್ತು, ಆದರೂ ಕಾಗದವನ್ನು ನನ್ನ ಕಡೆಗೇ ಸರಿಸಿದರು. ನಾನು ಓದಿದೆ. ಒಂದೊಂದು ದಿಕ್ಕಿನ ಹೆಸರಿಗೂ ರತ್ನಮ್ಮ, ಹೊಲದಲ್ಲಿ ನಿಂತು ನೋಡುತ್ತಿರುವವಳಂತೆ, ಮುಖ ತಿರುಗಿಸುತ್ತಿದ್ದಳು. ಮುಗಿದಮೇಲೆ ಪೆನ್ನನ್ನು ಕೈಗೆತ್ತಿಕೊಂಡವಳು, ರುಜು ಹಾಕದೆ ತಡೆದಳು.

"ಇನ್ನೊಂದ್ ದಪ ಓದವ್ವ. ಎಲ್ಲಾ ಬೇಡ. ನಮ್ಮಪ್ಪನ ಹೆಸರು ಬರ್ತದಲ್ಲ, ಅಷ್ಟು."

ನಾನು ಮೊದಲ ಪುಟಕ್ಕೆ ಮರಳಿ, ನಿಧಾನವಾಗಿ ಓದಿದೆ: "ದಿವಂಗತ ಮುನಿಶಾಮಪ್ಪನವರ ಮಗಳಾದ ರತ್ನಮ್ಮನಾದ ನಾನು..."