ತಿಳಿನೀರಿನ ಪಾಠ

ಬನಹಟ್ಟಿಯ ಶಾಲೆಗೆ ನಾನು ಹೊಸ ಮಾಸ್ತರನಾಗಿ ಸೇರಿದ ವರ್ಷ, ಹೊಳೆ ಸ್ವಚ್ಛ ಮಾಡುವ ಪಾಠ ನನ್ನ ಪಾಲಿಗೆ ಬಂತು. ಮಕ್ಕಳನ್ನು ಗಟಾರದ ದಂಡೆಗೆ ಕರೆದೊಯ್ದೆ. ನೂಲಿಗೆ ಬಣ್ಣ ಹಾಕುವ ಮನೆಗಳ ನೀರು ಕೆಂಪಗೆ ಹೊಳೆಯ ಕಡೆಗೆ ಹರಿಯುತ್ತಿತ್ತು. ಹೆಡ್ ಮಾಸ್ತರರ ಗೊಗ್ಗರು ದನಿಯನ್ನು ಅಣಕಿಸುತ್ತ ಭಾಷಣ ಮಾಡಿದೆ. ಆಮೇಲೆ ಉಸಿರುಗಟ್ಟಿ ಬಾಯಿ ತೆರೆಯುವ ಮೀನಾದೆ. ನನ್ನ ಮುಖಕ್ಕೆ ಅದೇನು ಕಷ್ಟವಲ್ಲ. ಮಕ್ಕಳು ಬಿದ್ದು ಬಿದ್ದು ನಕ್ಕರು.

"ಈ ನೀರು ತಿಳಿ ಆದ್ರ ಎಷ್ಟ ಛಲೋ, ಹೌದಿಲ್ಲೋ?" ಎಂದೆ.

ನಗು ನಿಂತಿತು. ಮುಂದೆ ನಿಂತಿದ್ದ ಹುಡುಗಿಯ ಅಪ್ಪ ಬಣ್ಣದ ಮನೆಯಲ್ಲಿ ದುಡಿಯುವವನು. ಅವಳೇ ಬಾಯಿ ತೆರೆದಳು.

"ತಿಳಿ ನೀರು ಬ್ಯಾಡ್ರಿ ಸರ್. ನಮ್ಮವ್ವ ದಿನಾ ಮುಂಜಾನೆ ಗಟಾರ ನೋಡಿ ಬರ್ತಾಳ್ರಿ. ಕೆಂಪಿದ್ರ ಅಪ್ಪಗ ಕೆಲಸ ಐತಿ. ತಿಳಿ ಇದ್ರ ಒಲಿ ಹಚ್ಚಂಗಿಲ್ರಿ."

"ಮೀನು ಸಾಯ್ತಾವಲ್ಲವ್ವ?"

"ಅಪ್ಪನೂ ರಾತ್ರಿಯೆಲ್ಲಾ ಕೆಮ್ಮತಾನ್ರಿ."

ಮೀನಿನ ಆಟವನ್ನು ಅಲ್ಲಿಗೇ ಬಿಟ್ಟು ಮಕ್ಕಳನ್ನು ಶಾಲೆಗೆ ವಾಪಸ್ ಕರೆತಂದೆ.

ಮದುವೆಯ ಸುಗ್ಗಿ ಮುಗಿದು ಸೀರೆಗೆ ಗಿರಾಕಿ ಕಡಿಮೆಯಾದಾಗ, ಒಂದು ಮುಂಜಾನೆ ಗಟಾರದ ತಳದ ಕಲ್ಲುಗಳು ಕಾಣುವಷ್ಟು ನೀರು ತಿಳಿಯಾಗಿತ್ತು. ಅಂದು ಹಾಜರಿ ಕರೆದಾಗ ಆ ಹುಡುಗಿಯ ಹೆಸರಿಗೆ ಯಾರೂ ಓಗೊಡಲಿಲ್ಲ.